ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಬಳಸುವುದನ್ನು ಮೊದಲಿನಿಂದ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಗಿರಿನಗರದ ಕನ್ನಡ ಮೇಡಂ

ಎಲ್ಲರಿಗೂ ನಮಸ್ಕಾರ. ನನಗೆ 64 ವರ್ಷ. ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಿಯಾದವಳು. ಇರುವುದು ಬೆಂಗಳೂರಿನ ಗಿರಿನಗರದಲ್ಲಿ, ಸೀತಾ ಸರ್ಕಲ್ ಹತ್ತಿರ. ನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಕರೆಂಟ್ ಬಿಲ್, ನೀರಿನ ಬಿಲ್, ಮನೆ ಕಂದಾಯ, ಕುಣಿಗಲ್ ಕಡೆಯ ಊರಿನ ಜಮೀನಿನ ಪಹಣಿ, ಎಲ್ಲವನ್ನೂ ಅವರೇ ಲ್ಯಾಪ್‌ಟಾಪಿನಲ್ಲಿ ನೋಡಿಕೊಳ್ಳುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ ನೋಡಿದ್ದುಂಟು, ಕೈ ಹಾಕಿದ್ದಿಲ್ಲ.

ಮಗಳು ಪುಣೆಯಲ್ಲಿದ್ದಾಳೆ. ಫೋನಿನಲ್ಲಿ ಹೇಳಿಕೊಡುತ್ತಾಳೆ. "ಅಮ್ಮಾ, ಆ ಟ್ಯಾಬ್ ಕ್ಲೋಸ್ ಮಾಡು, ಇನ್ನೊಂದರಲ್ಲಿ ರಿಫ್ರೆಶ್ ಮಾಡು" ಅನ್ನುತ್ತಾಳೆ. ಯಾವುದು ಟ್ಯಾಬ್, ಯಾವುದು ವಿಂಡೋ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅವಳಿಗೆ ಆಫೀಸಿನ ಮೀಟಿಂಗ್ ಬಂದಿರುತ್ತದೆ. ಎರಡು ಸಲ ಕೇಳಿದ್ದನ್ನು ಮೂರನೇ ಸಲ ಕೇಳಲು ನನಗೇ ಮನಸ್ಸು ಬರುವುದಿಲ್ಲ. ಮನೆ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿಗೂ ಸೇರಿದೆ. ಮೂರು ವಾರ ಪೇಂಟ್‌ನಲ್ಲಿ ಮನೆ, ಮರ, ಸೂರ್ಯ ಬರೆಸಿದರು. ಬ್ರೌಸರ್ ಪಾಠ ಯಾವಾಗ ಅಂತ ಕೇಳಿದರೆ, ಅದು ಮುಂದಿನ ಕೋರ್ಸಿನಲ್ಲಿ ಬರುತ್ತದೆ, ಬೇರೆ ಫೀಸು ಅಂದರು. ಬಿಟ್ಟುಬಂದೆ.

ಹೋದ ತಿಂಗಳು ಫ್ರಿಜ್ ಕೆಟ್ಟಿತು. ಕಂಪನಿ ಹೆಸರು ಬರೆದು, ಕಸ್ಟಮರ್ ಕೇರ್ ನಂಬರ್ ಅಂತ ಸೇರಿಸಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ನಂಬರಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. ವಿಸಿಟಿಂಗ್ ಚಾರ್ಜು 499 ಮೊದಲೇ ಕಳಿಸಬೇಕು ಅಂದರು, ಕಳಿಸಿದೆ. ಆಮೇಲೆ ಒಂದು ಆಪ್ ಹಾಕಿಕೊಳ್ಳಿ ಅಂದರು. ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿ ಬಂದು ಫೋನ್ ಕಸಿದುಕೊಂಡು ಕಟ್ ಮಾಡಿದಳು. ರಿಪೇರಿಗೆ ಯಾರೂ ಬರಲಿಲ್ಲ. ಹೋದ ದುಡ್ಡಿಗಿಂತ ನನಗೆ ಕಾಡುತ್ತಿರುವುದು ಒಂದೇ: ನನ್ನ ಕಣ್ಣೆದುರಿಗಿದ್ದ ಯಾವ ಅಕ್ಷರವನ್ನು ನಾನು ಸರಿಯಾಗಿ ಓದಲಿಲ್ಲ? ಜೀವನವೆಲ್ಲ ಮಕ್ಕಳಿಗೆ ಗಮನವಿಟ್ಟು ಓದಿ ಅಂತ ಹೇಳಿದವಳು ನಾನು.

ನನ್ನ ಪ್ರಶ್ನೆಗಳು ಇವು. ಮೇಲಿರುವ ಉದ್ದನೆಯ ಪೆಟ್ಟಿಗೆಯಲ್ಲಿ ಬರೆಯುವುದಕ್ಕೂ, ನಡುವೆ ಗೂಗಲ್ ಅಂತ ಇರುವ ಪೆಟ್ಟಿಗೆಯಲ್ಲಿ ಬರೆಯುವುದಕ್ಕೂ ಏನು ವ್ಯತ್ಯಾಸ? ನಾನು ನೋಡುತ್ತಿರುವುದು ನಿಜವಾದ ಸರ್ಕಾರಿ ಪುಟವೇ ಅಂತ ಹೇಗೆ ತಿಳಿಯುವುದು? ಪರದೆಯ ಬಲಗಡೆ ಕೆಳಗೆ ಆಗಾಗ ಒಂದು ಚೌಕ ಎದ್ದು ಬಂದು "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅನ್ನುತ್ತದೆ, ಅದು ಏನು? ಅಕ್ಷರ ಬಹಳ ಸಣ್ಣ, ದೊಡ್ಡದು ಮಾಡಲು ಆಗುತ್ತದೆಯೇ?

ಇನ್ನೊಂದು ಮಾತಿದೆ. ಲ್ಯಾಪ್‌ಟಾಪ್ ತೆಗೆದಾಗಲೆಲ್ಲ ಅವರು ಬಿಟ್ಟುಹೋದ ಪುಟಗಳು ಹಾಗೆಯೇ ತೆರೆದುಕೊಳ್ಳುತ್ತವೆ. ಎಣಿಸಿದೆ, 23 ಇವೆ. ಪಹಣಿಯದು ಒಂದು, ಹವಾಮಾನದ್ದು ಒಂದು, ತೆಂಗಿನ ಗಿಡಕ್ಕೆ ಬರುವ ಕಾಂಡ ಸೋರುವ ರೋಗದ ಬಗ್ಗೆ ಎರಡು ಮೂರು. ನನ್ನ ಮಂಡಿ ನೋವಿಗೆ ಯಾವ ವ್ಯಾಯಾಮ ಮಾಡಿಸಬೇಕು ಅಂತ ಐದು ಪುಟ ತೆಗೆದಿಟ್ಟಿದ್ದಾರೆ. ನನ್ನ ಹತ್ತಿರ ಹೇಳಿರಲಿಲ್ಲ. ನಾನು ಏನಾದರೂ ಒತ್ತಿದರೆ ಅವೆಲ್ಲ ಹೋಗಿಬಿಡುತ್ತವೆ ಅನ್ನುವ ಭಯಕ್ಕೇ ಲ್ಯಾಪ್‌ಟಾಪ್ ಮುಟ್ಟಲು ಹಿಂಜರಿಯುತ್ತೇನೆ. ಇದನ್ನೂ ಮೊಬೈಲಿನಲ್ಲೇ ಬರೆಯುತ್ತಿದ್ದೇನೆ.

ದಯವಿಟ್ಟು ನಿಧಾನವಾಗಿ ಹೇಳಿಕೊಡಿ. ಬರೆದುಕೊಂಡು ಕಲಿಯುತ್ತೇನೆ.

ವಿಜಯನಗರ ಬಸ್ ಸ್ಟ್ಯಾಂಡ್

ಆಂಟಿ, ಸರ್ ವಿಷಯ ಓದಿ ತುಂಬಾ ಬೇಜಾರಾಯ್ತು. ಬಿಲ್ ಕಟ್ಟೋದಕ್ಕೆ ಲ್ಯಾಪ್‌ಟಾಪ್ ಬೇಕಿಲ್ಲ, ಮೊಬೈಲಲ್ಲಿ ಯುಪಿಐ ಆಪ್ ಇದ್ರೆ ಅದರಲ್ಲೇ ಕರೆಂಟ್ ಬಿಲ್ ಕಟ್ಟಬಹುದು. ನಮ್ಮಮ್ಮ ಹಾಗೇ ಮಾಡ್ತಾರೆ. ಅಕ್ಷರ ದೊಡ್ಡದು ಮಾಡೋಕೆ ಕೀಬೋರ್ಡಲ್ಲಿ ಕಂಟ್ರೋಲ್ ಒತ್ತಿಕೊಂಡು ಪ್ಲಸ್ ಒತ್ತಿ. ಮತ್ತೆ ಮೊದಲಿನ ಹಾಗೆ ಬೇಕಂದ್ರೆ ಕಂಟ್ರೋಲ್ ಮತ್ತು ಸೊನ್ನೆ.

ಜಯನಗರ ನಾಲ್ಕನೇ ಬ್ಲಾಕ್

ಮೇಡಂ, ನಮಸ್ಕಾರ. ನಾನು ಗ್ರಂಥಾಲಯದ ಕೆಲಸದಿಂದ ನಿವೃತ್ತ. ಈಗ ಶನಿವಾರಗಳಲ್ಲಿ ನಮ್ಮ ಬಡಾವಣೆಯ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೇಲಿನ ಹುಡುಗ ಹೇಳಿದ್ದು ಬಿಲ್ಲಿನ ಮಟ್ಟಿಗೆ ಸರಿ. ಆದರೆ ಪಹಣಿ ಓದಲು, ಅರ್ಜಿ ತುಂಬಲು, ನಾಲ್ಕು ಪುಟ ಹೋಲಿಸಿ ನೋಡಲು ದೊಡ್ಡ ಪರದೆಯೇ ಬೇಕು. ನೀವು ಕಲಿಯಲು ಹೊರಟಿರುವುದು ಸರಿಯಾಗಿದೆ.

ಮೊದಲು ಆ 23 ಪುಟಗಳ ವಿಷಯ ಮುಗಿಸೋಣ, ನಿಮ್ಮ ಕೈ ಕಟ್ಟಿರುವುದು ಅದೇ. ಬ್ರೌಸರಿನ ನೆತ್ತಿಯ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಪಟ್ಟಿಗಳಿವೆಯಲ್ಲ, ಒಂದೊಂದೂ ಒಂದು ಟ್ಯಾಬ್. ಆ ಟ್ಯಾಬ್‌ಗಳೆಲ್ಲ ಸೇರಿರುವ ಇಡೀ ಚೌಕಟ್ಟು ವಿಂಡೋ. ಈಗ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿಹಿಡಿದು ಡಿ ಅಕ್ಷರ ಒತ್ತಿ. ಎಲ್ಲ ಟ್ಯಾಬ್‌ಗಳನ್ನೂ ಒಟ್ಟಿಗೆ ಬುಕ್‌ಮಾರ್ಕ್ ಮಾಡಲೇ ಅಂತ ಕೇಳುತ್ತದೆ. ಒಂದು ಹೆಸರು ಕೊಟ್ಟು ಸೇವ್ ಒತ್ತಿದರೆ 23 ವಿಳಾಸಗಳೂ ಒಂದು ಫೋಲ್ಡರಿನಲ್ಲಿ ಕೂತವು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದೇ ಕೀಲಿಗಳು. ಆಮೇಲೆ ಟ್ಯಾಬ್ ಮುಚ್ಚಿದರೂ ಏನೂ ಹೋಗುವುದಿಲ್ಲ. ತಪ್ಪಿ ಯಾವುದಾದರೂ ಮುಚ್ಚಿಹೋದರೆ ಕಂಟ್ರೋಲ್, ಶಿಫ್ಟ್ ಒತ್ತಿಹಿಡಿದು ಟಿ ಒತ್ತಿ, ಮುಚ್ಚಿದ ಟ್ಯಾಬ್ ವಾಪಸ್ ಬರುತ್ತದೆ. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಕೀಲಿಯೇ ಇದು. ತಪ್ಪು ಮಾಡಿದರೆ ಸರಿಮಾಡಿಕೊಳ್ಳಬಹುದು ಅಂತ ಗೊತ್ತಾದ ಮೇಲೆ ಬೆರಳು ಹೆದರುವುದಿಲ್ಲ.

ಒಂದು ಎಚ್ಚರಿಕೆ. ಬುಕ್‌ಮಾರ್ಕ್ ಉಳಿಸುವುದು ವಿಳಾಸವನ್ನು ಮಾತ್ರ, ಪುಟವನ್ನಲ್ಲ. ಆ ತಾಣದವರು ಪುಟ ತೆಗೆದುಹಾಕಿದರೆ ನಿಮ್ಮ ಬುಕ್‌ಮಾರ್ಕ್ ಖಾಲಿ ಜಾಗಕ್ಕೆ ಕರೆದೊಯ್ಯುತ್ತದೆ. ಮಂಡಿ ವ್ಯಾಯಾಮದ ಪುಟಗಳಂಥವು ಖಂಡಿತ ಉಳಿಯಬೇಕು ಅನ್ನಿಸಿದರೆ, ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರ್ ಹೆಸರಿನ ಜಾಗದಲ್ಲಿ ಪಿಡಿಎಫ್ ಆಗಿ ಉಳಿಸು ಅನ್ನುವುದನ್ನು ಆರಿಸಿಕೊಳ್ಳಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಕಾಲದ ಗ್ರಂಥಾಲಯ ನೆನಪು ಮಾಡಿಕೊಳ್ಳಿ. ಓದುಗರು ಕಪಾಟಿಗೆ ಕೈ ಹಾಕುವಂತಿಲ್ಲದ ವಿಭಾಗಗಳಿದ್ದವು. ಪುಸ್ತಕದ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಳಗಿನಿಂದ ಅಟೆಂಡರ್ ತಂದುಕೊಡುತ್ತಿದ್ದ. ಬ್ರೌಸರ್ ಆ ಅಟೆಂಡರ್. ನೀವು ಮೇಲಿನ ಪೆಟ್ಟಿಗೆಯಲ್ಲಿ ಬರೆಯುವ ವಿಳಾಸ ಆ ಚೀಟಿ. ಎಲ್ಲೋ ಇರುವ ಇನ್ನೊಂದು ಕಂಪ್ಯೂಟರಿಗೆ ಚೀಟಿ ಕೊಟ್ಟು, ಅಲ್ಲಿಂದ ಪುಟದ ಪ್ರತಿಯನ್ನು ತಂದು ನಿಮ್ಮ ಪರದೆಯ ಮೇಲೆ ಹರಡುತ್ತದೆ. 1990ರಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರ್ ಬರೆದಾಗ ಅದು ಮಾಡುತ್ತಿದ್ದದ್ದೂ ಇದನ್ನೇ, ಈಗಿನದು ಮಾಡುವುದೂ ಇದನ್ನೇ.

ಗೂಗಲ್ ಅನ್ನುವುದು ಅಟೆಂಡರ್ ಅಲ್ಲ, ಕ್ಯಾಟಲಾಗು. ಕ್ರಮಸಂಖ್ಯೆ ಗೊತ್ತಿಲ್ಲದಾಗ ನೋಡುವುದು. ತೊಂದರೆ ಏನೆಂದರೆ, ಈ ಕ್ಯಾಟಲಾಗಿನಲ್ಲಿ ದುಡ್ಡು ಕೊಟ್ಟವರ ಕಾರ್ಡನ್ನು ಎಲ್ಲರಿಗಿಂತ ಮುಂದೆ ಇಡುವ ಪದ್ಧತಿಯಿದೆ. ಅಂಥ ಫಲಿತಾಂಶದ ಮೇಲೆ ಚಿಕ್ಕದಾಗಿ ಸ್ಪಾನ್ಸರ್ಡ್ ಅಥವಾ ಪ್ರಾಯೋಜಿತ ಅಂತ ಬರೆದಿರುತ್ತದೆ. ಫ್ರಿಜ್ ದಿನ ನಿಮ್ಮ ಕಣ್ಣೆದುರಿಗಿದ್ದದ್ದು ಈ ಒಂದು ಪದವೇ ಆಗಿದ್ದಿರಬಹುದು. ಜಾಹೀರಾತಲ್ಲದೆಯೂ ಕಸ್ಟಮರ್ ಕೇರ್ ಹೆಸರಿನಲ್ಲಿ ಸುಳ್ಳು ನಂಬರುಗಳನ್ನು ಹರಡಿರುತ್ತಾರೆ. ಆದ್ದರಿಂದ ನಂಬರನ್ನು ಹುಡುಕಾಟದಿಂದ ತೆಗೆದುಕೊಳ್ಳಬೇಡಿ. ಫ್ರಿಜ್ಜಿನ ಜೊತೆ ಬಂದ ಪುಸ್ತಕದಲ್ಲೋ ವಾರಂಟಿ ಕಾರ್ಡಿನಲ್ಲೋ ಇರುತ್ತದೆ, ಅಲ್ಲಿಂದ ತೆಗೆದುಕೊಳ್ಳಿ. ಅವರು ಹಾಕಿಕೊಳ್ಳಲು ಹೇಳಿದ ಆಪ್ ನಿಮ್ಮ ಪರದೆಯನ್ನು ದೂರದಿಂದ ನೋಡುವಂಥದ್ದು ಆಗಿರುವ ಸಾಧ್ಯತೆ ಹೆಚ್ಚು. ಆ ಹುಡುಗಿ ನಿಮ್ಮ ಬ್ಯಾಂಕ್ ಖಾತೆಯನ್ನೇ ಉಳಿಸಿದ್ದಾಳೆ. ಹಣ ಹೋದ ತಕ್ಷಣ ಕರೆ ಮಾಡಬೇಕಾದ ಸೈಬರ್ ವಂಚನೆ ಸಹಾಯವಾಣಿಯ ಸಂಖ್ಯೆ 1930, ಇದನ್ನು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ. 499 ಚಿಕ್ಕ ಮೊತ್ತ ಅಂತ ಸುಮ್ಮನಿರಬೇಡಿ, ಈಗಲೂ ದೂರು ಕೊಡಬಹುದು.

ನಿಜವಾದ ಪುಟವೇ ಅಂತ ತಿಳಿಯುವುದು ಹೇಗೆ? ಪುಟದ ಒಳಗಿನ ಲಾಂಛನ, ಬಣ್ಣ, ಮಂತ್ರಿಗಳ ಫೋಟೋ ಯಾವುದನ್ನೂ ನೋಡಬೇಡಿ, ಅವನ್ನೆಲ್ಲ ಯಾರು ಬೇಕಾದರೂ ನಕಲು ಮಾಡಬಹುದು. ನಕಲು ಮಾಡಲಾಗದ್ದು ಮೇಲಿನ ವಿಳಾಸ ಒಂದೇ. ಅದನ್ನು ಓದುವ ಕ್ರಮವಿದೆ. ವಿಳಾಸದ ಆರಂಭದಲ್ಲಿ ಎರಡು ಓರೆಗೆರೆಗಳಿದ್ದರೆ ಅವನ್ನು ದಾಟಿ ಮುಂದೆ ಬನ್ನಿ. ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯ ಹತ್ತಿರ, ಅದು ಇಲ್ಲದಿದ್ದರೆ ವಿಳಾಸದ ಕೊನೆಯಲ್ಲಿ ನಿಲ್ಲಿ. ಅಲ್ಲಿಂದ ಎಡಕ್ಕೆ, ಹಿಂದುಹಿಂದಕ್ಕೆ ಓದಿ. ಪಹಣಿಯ ಭೂಮಿ ತಾಣದ ವಿಳಾಸ ಲ್ಯಾಂಡ್‌ರೆಕಾರ್ಡ್ಸ್, ಚುಕ್ಕಿ, ಕರ್ನಾಟಕ, ಚುಕ್ಕಿ, ಜಿಓವಿ, ಚುಕ್ಕಿ, ಐಎನ್. ಹಿಂದಿನಿಂದ ಓದಿದರೆ: ಐಎನ್, ಭಾರತದ್ದು. ಜಿಓವಿ, ಸರ್ಕಾರದ್ದು. ಆ ಸರ್ಕಾರದಲ್ಲಿ ಕರ್ನಾಟಕದ್ದು. ಅದರಲ್ಲಿ ಭೂದಾಖಲೆಯದು. ಜಿಓವಿ ಚುಕ್ಕಿ ಐಎನ್ ಎಂಬ ಕೊನೆಯನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಕರೆಂಟ್ ಕೊಡುವ ಬೆಸ್ಕಾಂಗೂ ಹಾಗೆಯೇ, ಬೆಸ್ಕಾಂ ಚುಕ್ಕಿ ಕರ್ನಾಟಕ ಚುಕ್ಕಿ ಜಿಓವಿ ಚುಕ್ಕಿ ಐಎನ್. ಯಾರೋ ಒಬ್ಬ ಬೆಸ್ಕಾಂ ಚುಕ್ಕಿ ಕರ್ನಾಟಕ ಚುಕ್ಕಿ ಬಿಲ್‌ಕಟ್ಟಿ ಚುಕ್ಕಿ ಎಕ್ಸ್‌ವೈಜಡ್ ಅಂತ ಮಾಡಿಕೊಂಡಿದ್ದಾನೆ ಅಂದುಕೊಳ್ಳಿ. ಮುಂದಿನಿಂದ ಓದಿದವರು ಬೆಸ್ಕಾಂ, ಕರ್ನಾಟಕ ಎರಡನ್ನೂ ಕಂಡು ನಂಬುತ್ತಾರೆ. ಹಿಂದಿನಿಂದ ಓದಿದವರಿಗೆ ಅದು ಬಿಲ್‌ಕಟ್ಟಿ ಅನ್ನುವವನ ಮನೆ ಅಂತ ಗೊತ್ತಾಗುತ್ತದೆ. ಬ್ಯಾಂಕುಗಳಿಗೂ ಈಗ ಸುಲಭವಾಗಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಚುಕ್ಕಿ ಐಎನ್ ಎಂಬ ಕೊನೆಗೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು.

ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೀಗ ಹೇಳುತ್ತಿದ್ದದ್ದು ನೀವು ಬರೆದದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಅಂತ ಮಾತ್ರ. ಆ ತುದಿಯಲ್ಲಿ ಕೂತವನು ಒಳ್ಳೆಯವನೋ ಕಳ್ಳನೋ ಅದು ಹೇಳುವುದಿಲ್ಲ. ಜನ ಹೀಗೆ ತಪ್ಪು ತಿಳಿಯುತ್ತಿದ್ದರು ಅಂತಲೇ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಬೀಗವನ್ನು ತೆಗೆದು ಬೇರೆ ಗುರುತು ಇಟ್ಟಿತು.

ಬಲಗಡೆ ಕೆಳಗೆ ಏಳುವ ವೈರಸ್ ಚೌಕ: ಹೆದರಬೇಡಿ, ಅದರ ಮೇಲೆ ಒತ್ತಲೂ ಬೇಡಿ. ಯಾವುದೋ ತಾಣ "ನೋಟಿಫಿಕೇಶನ್ ಕಳಿಸಲೇ" ಅಂತ ಕೇಳಿದಾಗ ಅಲೌ ಒತ್ತಿಹೋಗಿರುತ್ತದೆ. ಈಗ ಅದು ತನ್ನ ಜಾಹೀರಾತನ್ನು ಎಚ್ಚರಿಕೆಯ ವೇಷದಲ್ಲಿ ಕಳಿಸುತ್ತಿದೆ. ಕ್ರೋಮಿನಲ್ಲಾದರೆ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಪ್ರೈವಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ನಿಮಗೆ ಗುರುತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಮುಂದೆ ಯಾವ ತಾಣ ಕೇಳಿದರೂ ಬ್ಲಾಕ್ ಅನ್ನಿ, ನಷ್ಟವೇನಿಲ್ಲ.

ಕೊನೆಗೆ ಒಂದು ಸೂಕ್ಷ್ಮದ ಮಾತು, ಬೇಸರ ಮಾಡಿಕೊಳ್ಳಬೇಡಿ. ಆ ಬ್ರೌಸರಿನಲ್ಲಿ ಯಜಮಾನರ ಪಾಸ್‌ವರ್ಡುಗಳು ಉಳಿದಿರಬಹುದು. ಅವರ ಬ್ಯಾಂಕಿನ ಲಾಗಿನ್ ಬಳಸಿ ಹಣ ವರ್ಗಾಯಿಸಲು ಹೋಗಬೇಡಿ. ಮರಣ ಪ್ರಮಾಣಪತ್ರ ತೆಗೆದುಕೊಂಡು ಶಾಖೆಗೇ ಹೋಗಿ, ನಾಮಿನಿಯಾಗಿ ಅರ್ಜಿ ಕೊಡುವುದೇ ಸರಿಯಾದ ದಾರಿ. ಮತ್ತು ಕ್ರೋಮಿನಲ್ಲಿ ಬಲಗಡೆ ಮೇಲೆ ಕಾಣುವ ದುಂಡು ಗುರುತನ್ನು ಒತ್ತಿ ನಿಮ್ಮದೇ ಒಂದು ಹೊಸ ಪ್ರೊಫೈಲ್ ಮಾಡಿಕೊಳ್ಳಿ. ಆಗ ನಿಮ್ಮ ಟ್ಯಾಬ್, ನಿಮ್ಮ ಬುಕ್‌ಮಾರ್ಕ್ ಬೇರೆ, ಅವರದು ಬೇರೆ. ಅವರು ಬಿಟ್ಟದ್ದು ಬಿಟ್ಟ ಹಾಗೆಯೇ ಇರುತ್ತದೆ, ನಿಮಗೆ ಬೇಕೆನಿಸಿದಾಗ ಹೋಗಿ ನೋಡಬಹುದು.

ಹನುಮಂತನಗರ ಸೈಬರ್

ಅಮ್ಮಾ ನಮಸ್ತೆ. ನಿಮ್ಮ ಮನೆಗೆ ಹತ್ತಿರದವನೇ ನಾನು. 2004ರಿಂದ ಹನುಮಂತನಗರದಲ್ಲಿ ಸೈಬರ್ ಸೆಂಟರ್ ಇಟ್ಕೊಂಡಿದೀನಿ. ಆಗ ಗಂಟೆಗೆ 20 ರೂಪಾಯಿ ಬ್ರೌಸಿಂಗು. ಈಗ ಅದಕ್ಕೆ ಯಾರೂ ಬರಲ್ಲ, ಜೆರಾಕ್ಸು, ಪ್ರಿಂಟು, ಆನ್‌ಲೈನ್ ಅರ್ಜಿ ಇಷ್ಟೇ. ಆಗೆಲ್ಲ ನೀಲಿ ಬಣ್ಣದ ಇ ಗುರುತು, ಇಂಟರ್ನೆಟ್ ಎಕ್ಸ್‌ಪ್ಲೋರರ್. ಜನ ಅದನ್ನೇ ಇಂಟರ್ನೆಟ್ ಅಂತಿದ್ರು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್‌ನವರು ಅದನ್ನ ನಿಲ್ಲಿಸಿದಾಗ, ಪೇಪರ್ ಓದ್ಕೊಂಡು ಒಬ್ಬರು ತಾತ ಬಂದು "ಇಂಟರ್ನೆಟ್ ನಿಂತೋಗುತ್ತಂತಲ್ಲಪ್ಪ, ಪೆನ್ಷನ್ ಹೆಂಗೆ" ಅಂತ ಕೇಳಿದ್ರು. ಕೂರಿಸಿ ಕಾಫಿ ಕೊಟ್ಟು ಹೇಳಿದೆ, ನಿಂತಿದ್ದು ಒಂದು ಬಾಗಿಲು ಮಾತ್ರ, ಊರು ಇದ್ದಲ್ಲೇ ಇದೆ ಅಂತ.

ಜಯನಗರದ ಸಾರ್ ಎಲ್ಲ ಚೆನ್ನಾಗಿ ಹೇಳಿದಾರೆ. ನಾನು ದಿನಾ ಅಂಗಡೀಲಿ ನೋಡೋದನ್ನ ಮಾತ್ರ ಹೇಳ್ತೀನಿ. ನೀವು ಪ್ರಿಂಟಿಗೆ ಅಂತ ನಮ್ಮಂಥ ಕಡೆ ಬಂದಾಗ, ನಿಮ್ಮ ಮೇಲ್ ತೆಗೆದು ಹಂಗೇ ಎದ್ದು ಹೋಗ್ಬೇಡಿ, ಲಾಗೌಟ್ ಮಾಡಿ. ಬ್ರೌಸರ್ "ಪಾಸ್‌ವರ್ಡ್ ಸೇವ್ ಮಾಡ್ಲಾ" ಅಂತ ಕೇಳುತ್ತೆ, ನಿಮ್ಮನೇಲಿ ಹೂಂ ಅನ್ನಿ, ಹೊರಗಡೆ ಯಾವತ್ತೂ ಬೇಡ ಅನ್ನಿ. ಕಂಟ್ರೋಲ್ ಶಿಫ್ಟ್ ಎನ್ ಒತ್ತಿದ್ರೆ ಕ್ರೋಮಲ್ಲಿ ಕಪ್ಪು ಕಿಟಕಿ ಬರುತ್ತೆ, ಇನ್‌ಕಾಗ್ನಿಟೋ ಅಂತ. ಅದರಲ್ಲಿ ಕೆಲಸ ಮಾಡಿ ಕಿಟಕಿ ಮುಚ್ಚಿದ್ರೆ ನೀವು ಏನು ನೋಡಿದ್ರಿ ಅನ್ನೋದು ಆ ಕಂಪ್ಯೂಟರಲ್ಲಿ ಉಳಿಯಲ್ಲ. ಆದ್ರೆ ಡೌನ್‌ಲೋಡ್ ಮಾಡಿದ ಫೈಲು ಉಳಿದೇ ಉಳಿಯುತ್ತೆ! ಇದೇ ಯಾರಿಗೂ ಗೊತ್ತಿರಲ್ಲ. ನಾನು ದಿನಾ ರಾತ್ರಿ ಷಟರ್ ಎಳೆಯೋ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡ್ತೀನಿ, ಆಧಾರು, ಪ್ಯಾನು, ಮಾರ್ಕ್ಸ್ ಕಾರ್ಡು, ಒಂದೊಂದ್ ದಿನ 30, 40 ಇರ್ತವೆ. ಎಲ್ಲ ಅಳಿಸಿ, ಆಮೇಲೆ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ ಮನೆಗೆ ಹೋಗೋದು. ಎಲ್ಲ ಅಂಗಡಿಯವರೂ ಹಂಗೆ ಮಾಡ್ತಾರೆ ಅಂತ ನಂಬ್ಕೊಂಡು ಕೂರೋಕಾಗಲ್ಲ, ನೀವೇ ಕಂಟ್ರೋಲ್ ಜೆ ಒತ್ತಿ ಏನೇನು ಇಳಿದಿದೆ ನೋಡಿ, ಡೌನ್‌ಲೋಡ್ಸ್ ಫೋಲ್ಡರಿಂದಲೇ ಅಳಿಸಿ.

ಸರ್ಕಾರಿ ಸೈಟಲ್ಲಿ ದುಡ್ಡು ಕಟ್ಟುವಾಗ ಇನ್ನೊಂದು. ಚಕ್ರ ತಿರುಗ್ತಾ ಇರುವಾಗ ಹಿಂದಕ್ಕೆ ಹೋಗೋ ಬಾಣ ಒತ್ತಬೇಡಿ, ರಿಫ್ರೆಶ್ಶೂ, ಅಂದ್ರೆ ಪುಟಾನ ಮತ್ತೆ ಮೊದಲಿಂದ ತರಿಸೋದೂ, ಬೇಡ. ಸೆಶನ್ ಮುಗಿದೋಯ್ತು ಅಂತ ಹೊರಗೆ ಹಾಕುತ್ತೆ. ದುಡ್ಡು ಕಟ್ ಆಗಿ ರಸೀದಿ ಬರದಿದ್ರೆ ತಕ್ಷಣ ಇನ್ನೊಂದ್ಸಲ ಕಟ್ಟೋಕೆ ಹೋಗ್ಬೇಡಿ, ಬ್ಯಾಂಕಿನ ಮೆಸೇಜ್ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಸೈಟಲ್ಲಿ ಸ್ಟೇಟಸ್ ನೋಡಿ. ಕೆಲವು ಕಡೆ ರಸೀದಿ ಹೊಸ ಕಿಟಕೀಲಿ ತೆರೆಯೋಕೆ ಹೋಗುತ್ತೆ, ಬ್ರೌಸರ್ ಅದನ್ನ ಜಾಹೀರಾತು ಅಂದ್ಕೊಂಡು ತಡೆದಿರುತ್ತೆ. ವಿಳಾಸದ ಪೆಟ್ಟಿಗೆಯ ಬಲ ತುದೀಲಿ ಚಿಕ್ಕ ಗುರುತು ಬಂದಿರುತ್ತೆ, ಒತ್ತಿ ಅನುಮತಿ ಕೊಟ್ರೆ ಸರಿಹೋಗುತ್ತೆ.

ಗಿರಿನಗರದ ಕನ್ನಡ ಮೇಡಂ

ನಿಮ್ಮೆಲ್ಲರ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಹನ್ನೊಂದು ಪುಟ ಆಯಿತು. ನಾಲ್ಕು ದಿನದಿಂದ ಬೆಳಿಗ್ಗೆ ಪೂಜೆ ಮುಗಿಸಿ ಹತ್ತರಿಂದ ಹನ್ನೊಂದರವರೆಗೆ ಅಭ್ಯಾಸ ಮಾಡುತ್ತಿದ್ದೇನೆ.

ಜಯನಗರದ ಸರ್, ವಿಳಾಸವನ್ನು ಹಿಂದಿನಿಂದ ಓದಬೇಕು ಅಂದಿರಲ್ಲ, ಅದನ್ನು ಓದಿದ ತಕ್ಷಣ ನನಗೆ ನನ್ನ ಒಂಬತ್ತನೇ ತರಗತಿ ಕಣ್ಣ ಮುಂದೆ ಬಂತು. ಇದು ತತ್ಪುರುಷ ಸಮಾಸ! ಉತ್ತರಪದವೇ ಪ್ರಧಾನ. ಬೆಟ್ಟದಾವರೆ ಅಂದರೆ ಅದು ತಾವರೆ, ಬೆಟ್ಟವಲ್ಲ. ಅರಮನೆ ಅಂದರೆ ಮನೆ, ಅರಸನಲ್ಲ. ಪೂರ್ವಪದ ಎಷ್ಟು ದೊಡ್ಡ ಹೆಸರೇ ಆಗಿರಲಿ, ವಸ್ತು ಯಾವುದು ಅಂತ ನಿರ್ಣಯ ಮಾಡುವುದು ಕೊನೆಯ ಪದ. ಮೂವತ್ತು ವರ್ಷ ಮಕ್ಕಳಿಗೆ ವಿಗ್ರಹವಾಕ್ಯ ಬರೆಸಿದ್ದೇನೆ. ಈಗ ಬ್ರೌಸರಿನ ವಿಳಾಸಕ್ಕೂ ಬರೆದು ನೋಡಿದೆ: "ಭಾರತದ ಸರ್ಕಾರದಲ್ಲಿ ಕರ್ನಾಟಕದ ಭೂದಾಖಲೆ". ಸರಿಯಾಗಿ ಕೂತಿತು. ನೀವು ಕೊಟ್ಟ ಕಳ್ಳ ವಿಳಾಸಕ್ಕೆ ಬರೆದರೆ ಬಿಲ್‌ಕಟ್ಟಿಯವನ ಕರ್ನಾಟಕ, ಬಿಲ್‌ಕಟ್ಟಿಯವನ ಬೆಸ್ಕಾಂ ಅಂತ ಬಂತು. ಇನ್ನು ನಾನು ಮೋಸ ಹೋಗುವುದು ಕಷ್ಟ. ನನ್ನ ಹಳೆಯ ಸಹೋದ್ಯೋಗಿಗಳು ನಾಲ್ಕು ಜನ ಭಾನುವಾರ ಗಾಂಧಿ ಬಜಾರಿನಲ್ಲಿ ಸೇರುತ್ತೇವೆ, ಅವರಿಗೂ ಹೀಗೇ ಹೇಳಿಕೊಡುತ್ತೇನೆ. ಅವರಲ್ಲೊಬ್ಬರಿಗೆ ಹೋದ ವರ್ಷ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದೆ.

ವೈರಸ್ ಚೌಕ ನಿಂತಿತು. ಆ ಪಟ್ಟಿಯಲ್ಲಿ ಏಳು ತಾಣಗಳಿದ್ದವು, ಒಂದರ ಹೆಸರನ್ನೂ ನಾನು ಕೇಳಿರಲಿಲ್ಲ. ಅಕ್ಷರವನ್ನು ಶೇಕಡಾ ನೂರೈವತ್ತಕ್ಕೆ ಏರಿಸಿಕೊಂಡಿದ್ದೇನೆ. 1930ಕ್ಕೂ ಕರೆ ಮಾಡಿ ದೂರು ಬರೆಸಿದೆ, ನಂಬರು ಕೊಟ್ಟಿದ್ದಾರೆ. ಹನುಮಂತನಗರದವರೇ, ನೀವು ರಾತ್ರಿ ಬೇರೆಯವರ ಆಧಾರ್ ಅಳಿಸಿ ಮನೆಗೆ ಹೋಗುವ ವಿಷಯ ಓದಿ ಮನಸ್ಸು ತುಂಬಿತು, ಪ್ರಿಂಟಿಗೆ ಇನ್ನು ನಿಮ್ಮಲ್ಲಿಗೇ ಬರುತ್ತೇನೆ.

23 ಪುಟಗಳನ್ನು ಫೋಲ್ಡರಿಗೆ ಹಾಕಿಲ್ಲ. ಫೋಲ್ಡರಿನ ಹೆಸರನ್ನು ಕನ್ನಡದಲ್ಲಿ ಬರೆಯಬೇಕು ಅಂತ ಆಸೆ, ಅಲ್ಲೇ ನಿಂತಿದ್ದೇನೆ. ಶಾಲೆಯಲ್ಲಿದ್ದಾಗ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ, ಬೆರಳಿಗೆ ಈಗಲೂ ಬರುತ್ತದೆ. ಆದರೆ ಹಳೆಯ ಫೈಲಿನಿಂದ ಒಂದು ಪದ ಎತ್ತಿ ಬ್ರೌಸರಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಏಕೆ?

ಮಲ್ಲೇಶ್ವರ 8ನೇ ಅಡ್ಡರಸ್ತೆ

ಮೇಡಂ, ಡಿಟಿಪಿ ಕೆಲಸ ನನ್ನದು, ಈ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನಿಮ್ಮ ಹಳೆಯ ಫೈಲಿನಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದದ್ದು ಆ ಫಾಂಟು. ಬ್ರೌಸರಿಗೆ ಅಂಟಿಸಿದಾಗ ಫಾಂಟು ಕಳಚುತ್ತದೆ, ಒಳಗಿನದು ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆಗಳಿವೆ, ಎಲ್ಲಿಗೆ ಹೋದರೂ ಕನ್ನಡವಾಗಿಯೇ ಇರುತ್ತದೆ. ಹಳೆಯ ಫೈಲುಗಳನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದುಕೊಳ್ಳಬಹುದು.

ನಿಮ್ಮ ಬೆರಳಿಗೆ ಬರುವ ಕೀಲಿಮಣೆ ವಿನ್ಯಾಸ ಕೆ. ಪಿ. ರಾಯರು ರೂಪಿಸಿದ್ದು. ಎ, ಎಂ, ಎಫ್, ಎಂ ಒತ್ತಿದರೆ ಅಮ್ಮ ಬರುತ್ತದಲ್ಲ, ಅದೇ. ಅದನ್ನು ಮರೆಯಬೇಕಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಚಾಲೂ ಮಾಡಿ ಬ್ರೌಸರಿನಲ್ಲಿ ಟೈಪ್ ಮಾಡಿ. ಬೇರೇನೂ ಹಾಕಿಕೊಳ್ಳುವುದು ಬೇಡ ಅಂದರೆ ವಿಂಡೋಸ್ ಸೆಟ್ಟಿಂಗ್ಸಿನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೊಮ್ಮೆ ಒತ್ತಿದರೆ ವಾಪಸ್. ಇದರಲ್ಲಿ ಕೀಲಿಗಳ ಜಾಗ ಬೇರೆ, ನಿಮಗೆ ನುಡಿಯೇ ಹಗುರ ಅನ್ನಿಸುತ್ತದೆ. ಅಭ್ಯಾಸಕ್ಕೆ ಕನ್ನಡ ವಿಕಿಪೀಡಿಯ ತೆರೆದು ಏನಾದರೂ ಹುಡುಕಿ ನೋಡಿ. 2003ರಿಂದ ಇದೆ, ಜಾಹೀರಾತಿನ ಕಾಟವಿಲ್ಲ, ಎಲ್ಲಿ ಒತ್ತಿದರೂ ಅಪಾಯವಿಲ್ಲ. ನೀಲಿ ಬಣ್ಣದ ಪದ ಒತ್ತಿದರೆ ಇನ್ನೊಂದು ಪುಟ, ಹಿಂದಿನ ಬಾಣ ಒತ್ತಿದರೆ ಬಂದಲ್ಲಿಗೆ. ಕಂಟ್ರೋಲ್ ಹಿಡಿದು ಒತ್ತಿದರೆ ಹೊಸ ಟ್ಯಾಬ್.

ಗಿರಿನಗರದ ಕನ್ನಡ ಮೇಡಂ

ಇದನ್ನು ಲ್ಯಾಪ್‌ಟಾಪಿನಲ್ಲಿ, ನುಡಿಯಲ್ಲಿ ಟೈಪ್ ಮಾಡುತ್ತಿದ್ದೇನೆ. ಒಂದು ಗಂಟೆ ಹಿಡಿಯಿತು.

ಬೆಸ್ಕಾಂ ವಿಳಾಸವನ್ನು ಮೇಲಿನ ಪೆಟ್ಟಿಗೆಯಲ್ಲಿ ನಾನೇ ಬರೆದು, ಹಿಂದಿನಿಂದ ಓದಿ, ಬಿಲ್ ಕಟ್ಟಿದೆ. ರಸೀದಿ ಬಂತು. ಮಗಳಿಗೆ ಕಳಿಸಿದೆ.

ಫೋಲ್ಡರ್ ಆಯಿತು. 23 ಟ್ಯಾಬ್‌ಗಳೂ ಅದರಲ್ಲಿವೆ. ಹೆಸರು "ಅವರು ಓದುತ್ತಿದ್ದದ್ದು" ಅಂತ ಇಟ್ಟಿದ್ದೇನೆ. ಮಂಡಿ ವ್ಯಾಯಾಮದ ಐದು ಪುಟಗಳನ್ನು ಪಿಡಿಎಫ್ ಮಾಡಿಕೊಂಡು, ಅದರಲ್ಲಿ ಮೊದಲನೆಯದನ್ನು ಇವತ್ತು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹತ್ತು ಸಲ ಮಾಡಿದೆ. ತೆಂಗಿನ ರೋಗದ ಪುಟಗಳನ್ನು ಊರಿನ ಮೈದುನನಿಗೆ ಕಳಿಸಬೇಕು, ಗಿಡಗಳನ್ನು ನೋಡಿಕೊಳ್ಳುವವನು ಅವನೇ. ಅವನ ಹತ್ತಿರ ಇರುವುದು ಚಿಕ್ಕ ಫೋನು, ವಾಟ್ಸ್ಯಾಪ್ ಇಲ್ಲ. ಲ್ಯಾಪ್‌ಟಾಪಿನಿಂದ ಪ್ರಿಂಟ್ ತೆಗೆಯುವಾಗ ಜಾಹೀರಾತುಗಳನ್ನು ಬಿಟ್ಟು ಬರಹ ಮಾತ್ರ ಬರುವಂತೆ ಮಾಡಲು ಆಗುತ್ತದೆಯೇ? ಅದನ್ನು ಬೇರೆ ಪ್ರಶ್ನೆಯಾಗಿ ನಾಳೆ ಹಾಕುತ್ತೇನೆ.